ಸೋರಿಕೆ ಎಲ್ಲಿ? — ಉನ್ನತ ವಿದ್ಯೆಯಲ್ಲಿ ಸ್ತ್ರೀಯರ ಪಾಲು

ಗುಡ್ಡದ ಸುರಂಗದಿಂದ ತೋಟಕ್ಕೆ ನೀರನ್ನು ತರಲು ಪುತ್ತೂರು, ಸುಳ್ಯ, ಕಡಬ ಸೀಮೆಯ ಹಿರಿಯರು ಅಡಕೆಯ ಮರವನ್ನು ಸೀಳಿ, ತಿರುಳನ್ನು ತೆಗೆದು, ಆ ದಂಬೆಗಳನ್ನು ಒಂದರ ತುದಿಗೆ ಇನ್ನೊಂದನ್ನಿರಿಸಿ ಜೋಡಿಸುತ್ತಿದ್ದರು. ಸುರಂಗದಲ್ಲಿ ನೀರು ಎಷ್ಟೇ ಇದ್ದರೂ ತೋಟವನ್ನು ಮುಟ್ಟುತ್ತಿದ್ದುದು ಅದರ ಒಂದು ಪಾಲು ಮಾತ್ರ. ಮಿಕ್ಕುದು ಒಂದೊಂದು ಸಂದಿನಲ್ಲಿಯೂ ಸ್ವಲ್ಪಸ್ವಲ್ಪವಾಗಿ ಸೋರಿಹೋಗುತ್ತಿತ್ತು. ಇದನ್ನು ಕಂಡು ಸುರಂಗದಲ್ಲಿಯೇ ನೀರಿಲ್ಲವೆಂದು ಯಾವ ಕೃಷಿಕನೂ ಹೇಳಲಾರನು. ಆದರೆ ಉನ್ನತ ವಿಜ್ಞಾನದಲ್ಲಿ ಸ್ತ್ರೀಯರು ವಿರಳವಾಗಿರುವುದನ್ನು ಕಂಡು, ಅವರಿಗೆ ಅದರಲ್ಲಿ ಆಸಕ್ತಿಯಿಲ್ಲವೆಂದು ಹೇಳುವವರು ಇಂದಿಗೂ ಇದ್ದಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಿ ನೋಡೋಣ.

ಮುಚ್ಚಿದ ಬಾಗಿಲುಗಳು

ಮೊದಲಿಗೆ ಸ್ತ್ರೀಯರಿಗೆ ವಿಶ್ವವಿದ್ಯಾನಿಲಯದ ಬಾಗಿಲೇ ಮುಚ್ಚಿತ್ತು. ರಷ್ಯದ ನದೇಜ್ದಾ ಸುಸ್ಲೋವಾ ಎಂಬಾಕೆ 1867ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದುದು ಯುರೋಪಿನಲ್ಲಿ ಒಂದು ದೊಡ್ಡ ಸುದ್ದಿಯೇ ಆಯಿತು. ಜರ್ಮನಿಯ ಪ್ರಷ್ಯಾ ಪ್ರಾಂತದ ವಿಶ್ವವಿದ್ಯಾನಿಲಯಗಳು ಸ್ತ್ರೀಯರನ್ನು ಕ್ರಮಬದ್ಧವಾಗಿ ಸೇರಿಸಿಕೊಂಡುದು 1908ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ವಿಯೆನ್ನಾದಿಂದ ಡಾಕ್ಟರೇಟ್ ಪಡೆದು ಬರ್ಲಿನ್ನಿಗೆ ಬಂದ ಲೀಸ್ ಮೈಟ್ನರ್, ರಸಾಯನ ಸಂಸ್ಥೆಯ ನೆಲಮಾಳಿಗೆಯಲ್ಲಿದ್ದ ಬಡಗಿಯ ಕೊಠಡಿಯೊಂದರಲ್ಲಿ ಕೆಲಸ ಮಾಡಬೇಕಾಯಿತು. ಮೇಲಿನ ಪ್ರಯೋಗಶಾಲೆಗಳಿಗೆ ಆಕೆ ಕಾಲಿಡುವಂತಿರಲಿಲ್ಲ. ಪರಮಾಣುವಿನ ಬೀಜ ಒಡೆಯುವ ಬಗೆಯನ್ನು 1939ರಲ್ಲಿ ಆಟೋ ಫ್ರಿಷ್ ಅವರೊಡನೆ ವಿವರಿಸಿದವರು ಇದೇ ಮೈಟ್ನರ್.

ಕಲ್ಕತ್ತ ವಿಶ್ವವಿದ್ಯಾನಿಲಯದಿಂದ ಚಂದ್ರಮುಖಿ ಬಸು, ಕಾದಂಬಿನಿ ಗಂಗೂಲಿ ಪದವೀಧರೆಯರಾದುದು 1883ರಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವಾದರೋ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡಲಾರಂಭಿಸಿದುದು 1948ರಲ್ಲಿ! ಹಾಗೆಂದು ಭಾರತದಲ್ಲಿ ಎಲ್ಲ ಬಾಗಿಲುಗಳೂ ತೆರೆದಿದ್ದವೆಂದು ಭಾವಿಸಬಾರದು.

ಬೆಂಗಳೂರಿನ ಮೂವರು

ಮುಂಬಯಿಯಲ್ಲಿ ಬಿ.ಎಸ್‌ಸಿ. ಮುಗಿಸಿದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೋನಿ) 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಆಕೆ ಸ್ತ್ರೀ ಎಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಂಜರಿಯದೆ ಪಟ್ಟುಹಿಡಿದು, ಒಂದು ವರ್ಷ ಪರೀಕ್ಷಾರ್ಥವಾಗಿ ಕೆಲಸಮಾಡಬೇಕೆಂಬ ಷರತ್ತಿನ ಮೇಲೆ ಒಳಗೆ ಬಂದರು. ಆಕೆಯ ಕೆಲಸವನ್ನು ಕಂಡಮೇಲೆ ಸಂಸ್ಥೆಯ ನಿಲುವು ಬದಲಾಗಿ, ಮುಂದೆ ಇತರ ಸ್ತ್ರೀಯರಿಗೂ ದಾರಿಯಾಯಿತು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಉಸಿರಾಟಕ್ಕೆ ಅಗತ್ಯವಾದ ಸೈಟೋಕ್ರೋಮ್-ಸಿ ಎಂಬ ವಸ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಇದೆಯೆಂಬುದು ಆಕೆಯ ಶೋಧ.

ಎರಡನೆಯವರು ಅನ್ನಾ ಮಣಿ. ಇವರು 1940ರ ದಶಕದಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿಯೇ ವಜ್ರದ ಬೆಳಕಿನ ಗುಣಗಳನ್ನು ಅಭ್ಯಸಿಸಿ, ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ. ಆದರೂ ಅವರು ಭಾರತದ ಹವಾಮಾನ ಇಲಾಖೆಯಲ್ಲಿ ಉಪ ಮಹಾನಿರ್ದೇಶಕರ ಸ್ಥಾನಕ್ಕೇರಿ, ದೇಶಕ್ಕೆ ಬೇಕಾದ ಮಾಪನೋಪಕರಣಗಳನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆಯನ್ನು ಕಟ್ಟಿದರು.

ಮೂರನೆಯವರು ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ. 1922ರಲ್ಲಿ ಜನಿಸಿದ ಇವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ವಿಜ್ಞಾನ ಸಂಸ್ಥೆಯ ಅಧ್ಯಾಪಕವರ್ಗವನ್ನು ಸೇರಿದರು. ಮುಂದೆ ತಮ್ಮ ವಿಭಾಗದ ಮುಖ್ಯಸ್ಥರೂ ಆದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಮನೆಯಲ್ಲಿ ಒಬ್ಬ ಸ್ತ್ರೀ ಓದಿದರೆ ಎರಡು ತಲೆಮಾರಿನ ಅನಂತರವೂ ಅದರ ಫಲ ಕಾಣುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ರಾಜೇಶ್ವರಿಯವರ ಅಭ್ಯಾಸದ ವಿಷಯ ಸೂಕ್ಷ್ಮತರಂಗಗಳು, ಅಂದರೆ ರಾಡಾರ್ ಮೊದಲಾದವುಗಳಲ್ಲಿ ಬಳಕೆಯಾಗುವ ಕಿರಿದಾದ ರೇಡಿಯೋ ಅಲೆಗಳು. ಇವನ್ನು ಲೋಹದ ಕೊಳವೆಗಳ ಮೂಲಕ ಒಯ್ಯುತ್ತಾರೆ. ಎರಡು ಕೊಳವೆಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳದಿದ್ದರೆ, ಅಲೆಯ ಒಂದು ಭಾಗ ಆ ಸಂದಿನಿಂದಲೇ ಹಿಂದಿರುಗಿಬಿಡುತ್ತದೆ. ಆಗ ಎಂಜಿನಿಯರು ಅಲೆಯನ್ನು ದೂಷಿಸುವುದಿಲ್ಲ, ಸಂದನ್ನು ಸರಿಪಡಿಸುತ್ತಾನೆ.

ಒಂದು ಸಣ್ಣ ಲೆಕ್ಕ

ಬಾಗಿಲು ತೆರೆದ ಮೇಲೂ ಸ್ತ್ರೀಯರ ಪಾಲು ಏಕೆ ಕಡಿಮೆಯಾಗುತ್ತದೆ? ನೂರು ಮಂದಿ ಹುಡುಗರೂ ನೂರು ಮಂದಿ ಹುಡುಗಿಯರೂ ವಿಜ್ಞಾನವನ್ನು ಆರಿಸಿಕೊಂಡರೆಂದು ಊಹಿಸಿಕೊಳ್ಳಿ. ಪದವಿ, ಸ್ನಾತಕೋತ್ತರ ವ್ಯಾಸಂಗ, ಸಂಶೋಧನೆ, ಉದ್ಯೋಗ, ಬಡ್ತಿ ಎಂಬ ಐದು ಹಂತಗಳಿವೆ. ಪ್ರತಿ ಹಂತದಲ್ಲಿಯೂ ಹುಡುಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ, ಹುಡುಗಿಯರಲ್ಲಿ ಹತ್ತಕ್ಕೆ ಎಂಟು ಮಂದಿ ಮುಂದೆ ಸಾಗುತ್ತಾರೆಂದಿಟ್ಟುಕೊಳ್ಳಿ. ವ್ಯತ್ಯಾಸ ಅತ್ಯಲ್ಪ, ಒಂದು ಹಂತವನ್ನಷ್ಟೇ ನೋಡುವವರಿಗೆ ಅನ್ಯಾಯವೆಂದು ತೋರುವುದೂ ಇಲ್ಲ. ಆದರೆ 0.9ನ್ನು ಐದು ಬಾರಿ ಗುಣಿಸಿದರೆ 0.59, 0.8ನ್ನು ಹಾಗೆಯೇ ಗುಣಿಸಿದರೆ 0.33. ಕೊನೆಗೆ ಉಳಿಯುವವರು 59 ಪುರುಷರು, 33 ಸ್ತ್ರೀಯರು. ಸರಿಸಮನಾಗಿ ಹೊರಟವರಲ್ಲಿ ಸ್ತ್ರೀಯರ ಪಾಲು ಶೇಕಡ 36ಕ್ಕೆ ಇಳಿದುಹೋಯಿತು. ಆಸಕ್ತಿ ಇಬ್ಬರಿಗೂ ಒಂದೇ, ಭೇದವಿರುವುದು ಸಂದುಗಳಲ್ಲಿ.

ಇದು ಕಲ್ಪಿತ ಲೆಕ್ಕ. ವಾಸ್ತವ ಏನೆಂದು ನೋಡಿದರೂ ಚಿತ್ರ ಇದೇ ಬಗೆಯದು. ಯುರೋಪಿಯನ್ ಒಕ್ಕೂಟದಲ್ಲಿ 2018ರಲ್ಲಿ ಡಾಕ್ಟರೇಟ್ ಪಡೆದವರಲ್ಲಿ ಸುಮಾರು ಶೇಕಡ 48 ಮಂದಿ ಸ್ತ್ರೀಯರು. ಆದರೆ ಅತ್ಯುನ್ನತ ಪ್ರಾಧ್ಯಾಪಕ ಸ್ಥಾನಗಳಲ್ಲಿ ಅವರ ಪಾಲು ಸುಮಾರು ಶೇಕಡ 26 ಮಾತ್ರ. ಭಾರತದಲ್ಲಿ 2020–21ರ ಸಮೀಕ್ಷೆಯಂತೆ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯರು 29.5 ಲಕ್ಷ, ವಿದ್ಯಾರ್ಥಿಗಳು 27.7 ಲಕ್ಷ. ಆದರೆ 1958ರಲ್ಲಿ ಆರಂಭವಾದ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಭೌತವಿಜ್ಞಾನದಲ್ಲಿ ಮೊದಲ ಬಾರಿಗೆ ಸ್ತ್ರೀಯೊಬ್ಬರಿಗೆ ದೊರೆತುದು 2018ರಲ್ಲಿ. ಅವರು ಅದಿತಿ ಸೇನ್ ಡೇ.

ನಮ್ಮ ಸೀಮೆಯ ಸಂದುಗಳು

ಇನ್ನು ನಮ್ಮ ಊರುಗಳ ಕಡೆಗೆ ತಿರುಗೋಣ. ಮಂಗಳೂರಿನಲ್ಲಿ ಸ್ತ್ರೀಯರಿಗಾಗಿ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿಯೇ ಆರಂಭವಾಗಿತ್ತು. ಆದರೆ ಮಂಗಳೂರು ಪುತ್ತೂರಿನಿಂದ ಸುಮಾರು 50 ಕಿಲೋಮೀಟರು, ಸುಳ್ಯದಿಂದ ಇನ್ನೂ ದೂರ. ಮಗನನ್ನು ಬಿಡಾರ ಮಾಡಿಸಿ ಓದಿಸುವ ಮನೆಯವರು ಮಗಳನ್ನು ಅಷ್ಟು ದೂರ ಕಳುಹಿಸಲು ಹಿಂಜರಿಯುತ್ತಾರೆ. ಆದಕಾರಣ ಕಾಲೇಜು ಹತ್ತಿರ ಬಂದಾಗ ಹೆಚ್ಚಿನ ಲಾಭ ಹುಡುಗಿಯರಿಗೇ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, ಸುಳ್ಯದಲ್ಲಿ 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಸ್ಥಾಪನೆಯಾದವು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಬಂದಿತು. ಇವು ಒಂದೊಂದೂ ದೂರವೆಂಬ ಸಂದನ್ನು ಒಂದಿಷ್ಟು ಬಿಗಿಗೊಳಿಸಿದವು.

ಉಳಿದ ಸಂದುಗಳಿಗೂ ಕೆಲವು ಬೆಸುಗೆಗಳು ಬಂದಿವೆ. 2023ರ ಜೂನ್ ತಿಂಗಳಿನಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣದ ವ್ಯವಸ್ಥೆಯಾಯಿತು. ಆದರೆ ಕಡಬದ ಒಳನಾಡಿನಲ್ಲಿ ಸಂಜೆಯ ಪ್ರಯೋಗ ಮುಗಿಯುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಸಂಶೋಧನೆಯಲ್ಲಿರುವ ಸ್ತ್ರೀಯರಿಗೆ 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನೆಯ ರಜೆಯನ್ನೂ ಪ್ರಬಂಧವನ್ನು ಮುಗಿಸಲು ಎರಡು ವರ್ಷಗಳ ಹೆಚ್ಚಿನ ಅವಧಿಯನ್ನೂ ಯು.ಜಿ.ಸಿ. 2016ರ ನಿಯಮಗಳಲ್ಲಿ ಕೊಟ್ಟಿತು. ಇಂಥ ಅವಕಾಶವುಂಟೆಂಬುದೇ ಮನೆಯವರಿಗೆ ತಿಳಿಯದಿದ್ದರೆ, ಬಿ.ಎಸ್‌ಸಿ. ಆದೊಡನೆ "ಇನ್ನು ಸಾಕು" ಎಂಬ ಮಾತು ಬಂದುಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸೋರುವ ಸಂದು ಬಹುಶಃ ಇದೇ.

ವಿಜ್ಞಾನದ ವಿದ್ಯಾರ್ಥಿಗಳು ಊಹೆಯಲ್ಲಿ ತೃಪ್ತರಾಗಬಾರದು, ಅಳೆದು ನೋಡಬೇಕು. ನಿಮ್ಮ ಕಾಲೇಜಿನಲ್ಲಿ ಐದು ವರ್ಷಗಳ ಹಿಂದೆ ಬಿ.ಎಸ್‌ಸಿ. ಮುಗಿಸಿದ ಹುಡುಗಿಯರೆಷ್ಟು, ಹುಡುಗರೆಷ್ಟು, ಅವರಲ್ಲಿ ಎಂ.ಎಸ್‌ಸಿ.ಗೆ ಹೋದವರೆಷ್ಟು, ನಿಂತವರು ಯಾವ ಕಾರಣಕ್ಕೆ ನಿಂತರು ಎಂಬುದನ್ನು ಒಂದು ಕೋಷ್ಟಕವಾಗಿ ಬರೆಯಿರಿ. ಇದಕ್ಕೆ ಬೇಕಾದ ಉಪಕರಣ ಒಂದು ಪುಸ್ತಕ, ಒಂದು ಲೇಖನಿ, ಸ್ವಲ್ಪ ತಾಳ್ಮೆ. ಅದರಲ್ಲಿ ದೊರೆಯುವ ಅಂಕಿಗಳನ್ನು ಅಧ್ಯಾಪಕರ ಮುಂದೆಯೂ ಮನೆಯ ಹಿರಿಯರ ಮುಂದೆಯೂ ಇಟ್ಟು ಮಾತನಾಡಿರಿ. ಯಾವ ಸಂದು ಸೋರುತ್ತಿದೆಯೆಂದು ತಿಳಿದಮೇಲೆ ಅದನ್ನು ಮುಚ್ಚುವುದು ಕಷ್ಟದ ಕೆಲಸವೇನಲ್ಲ.