ಫೈಲು ಯಾಕೆ ಇಳಿಯಲಿಲ್ಲ?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ನಾವು ಬೀಡಿ ಕಟ್ಟುತ್ತೇವೆ. ಅಡಿಕೆ ಸುಲಿಯುತ್ತೇವೆ. ಡೈರಿಗೆ ಹಾಲು ಹಾಕುತ್ತೇವೆ. ವಾರಕ್ಕೊಮ್ಮೆ ಸಂಘದಲ್ಲಿ ಸೇರುತ್ತೇವೆ. ನಮಗೂ ಕಂಪ್ಯೂಟರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು.

ಸಂಬಂಧ ಉಂಟು. ಜಾಗದ ಪಹಣಿ ಈಗ ಕಂಪ್ಯೂಟರಿನಲ್ಲಿ ಉಂಟು. ಬೀಡಿಯ ಪಿ.ಎಫ್. ಹಣ ಎಷ್ಟು ಜಮೆ ಆಗಿದೆ ಎಂಬ ಲೆಕ್ಕ ಕಂಪ್ಯೂಟರಿನಲ್ಲಿ ಉಂಟು. ಮಗಳ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರವೂ ಅಲ್ಲಿಂದಲೇ ಬರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ದೊಡ್ಡ ನೆರೆ ಬಂತು. ಅಂಥ ನೆರೆಯಲ್ಲಿ ಪೆಟ್ಟಿಗೆಯ ಕಾಗದ ಒದ್ದೆಯಾಗಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ದಾಖಲೆ ಇದ್ದರೆ ಇನ್ನೊಂದು ಪ್ರತಿ ಸಿಗುತ್ತದೆ.

ಆದರೆ ಆ ಪ್ರತಿ ತೆಗೆಯಲು ಹೋದಾಗ ಏನಾಗುತ್ತದೆ? ಬಸ್ಸಿಗೆ ದುಡ್ಡು ಕೊಟ್ಟು ಹೋಗುತ್ತೇವೆ. ಅರ್ಧ ದಿನದ ಬೀಡಿ ಬಿಟ್ಟು ಕಾಯುತ್ತೇವೆ. ಕೊನೆಗೆ, "ಡೌನ್‌ಲೋಡ್ ಆಗುದಿಲ್ಲ ಅಕ್ಕ, ಕಂಪ್ಯೂಟರ್ ಹಳತು, ನಾಳೆ ಬನ್ನಿ" ಅಂತ ಹೇಳುತ್ತಾರೆ. ಅರ್ಜಿಯ ಕೊನೆಯ ದಿನ ಇವತ್ತೇ ಆಗಿದ್ದರೆ? ನಾಳೆ ಬಂದು ಏನು ಪ್ರಯೋಜನ?

ಹಳೆ ಕಂಪ್ಯೂಟರು ಸುಮ್ಮನೆ ಹಟ ಹಿಡಿಯುವುದಿಲ್ಲ. ಅದಕ್ಕೆ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ಹುಡುಕುವುದು ಹೇಗೆ? ಅದನ್ನು ಇಲ್ಲಿ ತಿಳಿಯೋಣ.

ಡೌನ್‌ಲೋಡ್ ಅಂದರೆ ಏನು?

ಇಂಟರ್‌ನೆಟ್ಟಿನ ಪುಟಗಳನ್ನು ತೋರಿಸುವ ಸಾಧನಕ್ಕೆ ಬ್ರೌಸರ್ ಅನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರುಗಳು. ದೂರದ ಕಂಪ್ಯೂಟರಿನಲ್ಲಿ ಇರುವ ದಾಖಲೆಯ ಒಂದು ಪ್ರತಿಯನ್ನು ನಮ್ಮ ಕಂಪ್ಯೂಟರಿಗೆ ತರುವುದೇ ಡೌನ್‌ಲೋಡ್. ಕನ್ನಡದಲ್ಲಿ 'ಇಳಿಸಿಕೊಳ್ಳುವುದು' ಅನ್ನಬಹುದು. ಹೀಗೆ ಇಳಿದು ಬಂದ ದಾಖಲೆಯೇ ಫೈಲು.

ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ತಾಳೆಗರಿ ಗ್ರಂಥ ಉಂಟು. ಅದನ್ನು ನೋಡಿ ಹಿಂದೆ ಪ್ರತಿ ಬರೆದುಕೊಂಡರು. ಪ್ರತಿ ಬೇರೆ ಊರಿಗೆ ಹೋಯಿತು. ಮೂಲ ಗ್ರಂಥ ಇಲ್ಲೇ ಉಳಿಯಿತು. ಡೌನ್‌ಲೋಡ್ ಕೂಡ ಹಾಗೆಯೇ. ಪಹಣಿ ಸರಕಾರದ ಕಂಪ್ಯೂಟರಿನಲ್ಲಿಯೇ ಇರುತ್ತದೆ. ನಮಗೆ ಬರುವುದು ಅದರ ಪ್ರತಿ. ಆದ್ದರಿಂದ ಡೌನ್‌ಲೋಡ್ ಆಗಲಿಲ್ಲ ಅಂದರೆ ನಮ್ಮ ದಾಖಲೆ ಕಳೆದುಹೋಯಿತು ಅಂತ ಅಲ್ಲ. ಹೆದರಬೇಕಾಗಿಲ್ಲ.

ಮೊದಲು ಓದೋಣ

ಫೈಲು ಇಳಿಯದೆ ಇದ್ದಾಗ ಪರದೆಯ ಮೇಲೆ ಒಂದೆರಡು ಸಾಲು ಬರಹ ಬರುತ್ತದೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ಕೂಡಲೇ ಒತ್ತಿ ಮುಚ್ಚಿಬಿಡುತ್ತಾರೆ. ಕಾರಣ ಅಲ್ಲಿಯೇ ಬರೆದಿರುತ್ತದೆ! ಜ್ವರ ಎಷ್ಟು ಅಂತ ನೋಡದೆ ಮದ್ದು ಕೊಟ್ಟರೆ ಹೇಗೆ?

ಬರಹ ಇಂಗ್ಲಿಷಿನಲ್ಲಿ ಇರಬಹುದು. ಆಗ ಅಕ್ಷರ ನೋಡಿ ಒಂದು ಚೀಟಿಯಲ್ಲಿ ಹಾಗೆಯೇ ಬರೆದುಕೊಳ್ಳೋಣ. ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯೋಣ. ಆ ಚೀಟಿ ತೋರಿಸಿದರೆ ತಿಳಿದವರು ಕಾರಣ ಹೇಳುತ್ತಾರೆ. "ಎಂತದೋ ಬಂತು, ಗೊತ್ತಿಲ್ಲ" ಅಂದರೆ ಯಾರೂ ಹೇಳಲಾರರು.

ಈಗ ಒಂದೊಂದೇ ಕಾರಣ ನೋಡುವ. ಸುಲಭವಾದದ್ದು ಮೊದಲು.

ಒಂದು: ಫೈಲು ಬಂದಿದೆ, ನಮಗೆ ಕಾಣುವುದಿಲ್ಲ

ಎಷ್ಟೋ ಸಲ ಫೈಲು ಇಳಿದಿರುತ್ತದೆ. ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕೀಲಿಮಣೆಯಲ್ಲಿ ಕಂಟ್ರೋಲ್ ಎಂಬ ಕೀಲಿಯನ್ನು ಒತ್ತಿ ಹಿಡಿಯಿರಿ. ಹಾಗೆಯೇ ಜೆ ಅಕ್ಷರವನ್ನು ಒತ್ತಿ. ಇಳಿಸಿದ ಫೈಲುಗಳ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ನಮ್ಮ ಫೈಲು ಉಂಟಾ ನೋಡಿ.

ಇನ್ನು ಕೆಲವು ಸಲ ಫೈಲು ಇರುತ್ತದೆ, ಆದರೆ ತೆರೆಯುವುದಿಲ್ಲ. ಆಧಾರ್ ಫೈಲು ಹೀಗೆ ಮಾಡುತ್ತದೆ. ಅದು ಗುಪ್ತಪದ ಕೇಳುತ್ತದೆ. ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ಇದೇ ಆ ಗುಪ್ತಪದ. ಅಕ್ಷರಗಳನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಒತ್ತಬೇಕು. ಸುಮತಿ ಎಂಬ ಹೆಸರು, 1975ರಲ್ಲಿ ಹುಟ್ಟಿದ್ದು ಅಂತ ಇಟ್ಟುಕೊಳ್ಳಿ. ಎಸ್, ಯು, ಎಂ, ಎ, ಆಮೇಲೆ 1975. ನಡುವೆ ಜಾಗ ಬಿಡಬಾರದು.

ಎರಡು: ಜಾಗ ಇಲ್ಲ

ಅಟ್ಟದಲ್ಲಿ ಹಳೆ ಸಾಮಾನು ತುಂಬಿದ್ದರೆ ಹೊಸ ಅಡಿಕೆ ಗೋಣಿ ಎಲ್ಲಿ ಇಡುವುದು? ಕಂಪ್ಯೂಟರಿನ ಒಳಗೂ ಒಂದು ಅಟ್ಟ ಉಂಟು. ಅದಕ್ಕೆ ಹಾರ್ಡ್ ಡಿಸ್ಕ್ ಅನ್ನುತ್ತಾರೆ. ಅದರ ಜಾಗವನ್ನು ಜಿಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳೆ ಕಂಪ್ಯೂಟರಿನ ಅಟ್ಟ ಸಣ್ಣದು. ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಮದುವೆಯ ವೀಡಿಯೋ, ಸಿನಿಮಾ ಹಾಡು ತುಂಬಿ ಜಾಗ ಮುಗಿದಿರುತ್ತದೆ.

ಬೇಡದ ಫೈಲು ಅಳಿಸಬೇಕು. ಆದರೆ ಅಳಿಸಿದ ಫೈಲು ಕೂಡಲೇ ಹೋಗುವುದಿಲ್ಲ. ರೀಸೈಕಲ್ ಬಿನ್ ಎಂಬ ಕಸದ ಬುಟ್ಟಿಯಲ್ಲಿ ಕೂತಿರುತ್ತದೆ. ಆ ಬುಟ್ಟಿಯನ್ನೂ ಖಾಲಿ ಮಾಡಿದರೆ ಮಾತ್ರ ಜಾಗ ಸಿಗುತ್ತದೆ. ಬೇರೆಯವರ ಫೈಲನ್ನು ಅವರ ಹತ್ತಿರ ಕೇಳದೆ ಅಳಿಸಬಾರದು.

ಇನ್ನೊಂದು ವಿಷಯ. ಫೈಲುಗಳನ್ನು ಪೆನ್‌ಡ್ರೈವಿಗೆ ಇಳಿಸುವ ಹಾಗೆ ಯಾರಾದರೂ ಮೊದಲೇ ಹೇಳಿಟ್ಟಿರಬಹುದು. ಆಮೇಲೆ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿರಬಹುದು. ಆಗ ಇಡುವ ಜಾಗವೇ ಇಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಇಳಿಸುವ ಜಾಗ ಯಾವುದು ಅಂತ ನೋಡಿ ಸರಿ ಮಾಡಬೇಕು.

ಮೂರು: ತಾರೀಕು ತಪ್ಪು

ಇದು ಹಳೆ ಕಂಪ್ಯೂಟರಿನ ದೊಡ್ಡ ರೋಗ. ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಗಂಟೆ, ತಾರೀಕು ಇರುತ್ತದೆ. ಅದನ್ನು ಓದಿ. ಅಲ್ಲಿ 2009ನೇ ಇಸವಿ ಜನವರಿ ಅಂತ ಇದ್ದರೆ ಫೈಲು ಇಳಿಯುವುದು ಕಷ್ಟ.

ತಾರೀಕಿಗೂ ಫೈಲಿಗೂ ಏನು ಸಂಬಂಧ? ಶಾಲೆ ಮಕ್ಕಳ ಬಸ್ ಪಾಸ್ ನೋಡಿದ್ದೀರಿ. ಯಾವ ದಿನದಿಂದ ಯಾವ ದಿನದವರೆಗೆ ಅಂತ ಅದರಲ್ಲಿ ಬರೆದಿರುತ್ತದೆ. ಜಾಲತಾಣಕ್ಕೂ ಇಂಥದ್ದೊಂದು ಗುರುತಿನ ಪತ್ರ ಉಂಟು. "ನಾನು ಅಸಲಿ, ನಕಲಿ ಅಲ್ಲ" ಅಂತ ಅದು ತೋರಿಸುತ್ತದೆ. ಅದಕ್ಕೂ ಅವಧಿ ಇರುತ್ತದೆ. ಬ್ರೌಸರು ಬಸ್ಸಿನ ಕಂಡಕ್ಟರನ ಹಾಗೆ ತಾರೀಕು ನೋಡುತ್ತದೆ. ಕಂಡಕ್ಟರನ ಕ್ಯಾಲೆಂಡರೇ ತಪ್ಪಿದ್ದರೆ ಸರಿಯಾದ ಪಾಸನ್ನೂ ಬೇಡ ಅನ್ನುತ್ತಾನೆ ಅಲ್ವಾ?

ತಾರೀಕು ಸರಿ ಮಾಡಿದರೆ ಸಾಕು. ಆದರೆ ಕಂಪ್ಯೂಟರ್ ಆರಿಸಿ ಹೊತ್ತಿಸಿದಾಗ ಮತ್ತೆ ಹಳೆ ತಾರೀಕು ಬಂದರೆ? ಒಳಗೆ ನಾಣ್ಯದ ಹಾಗಿರುವ ಒಂದು ಸಣ್ಣ ಸೆಲ್ ಉಂಟು. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಆ ಸೆಲ್ ಸತ್ತಿದೆ ಅಂತ ಅರ್ಥ. ಅದರ ಮೇಲೆ ಹೆಚ್ಚಾಗಿ 2032 ಎಂಬ ಅಂಕಿ ಇರುತ್ತದೆ. ಆ ಅಂಕಿ ಅಳತೆಯದ್ದು, ವರ್ಷದ್ದಲ್ಲ. ಅಂಥದೇ ಹೊಸ ಸೆಲ್ ಹಾಕಿಸಿದರೆ ಆಯಿತು. ಇದಕ್ಕೆ ಹೊಸ ಕಂಪ್ಯೂಟರ್ ಬೇಡ.

ನಾಲ್ಕು: ಬ್ರೌಸರು ಹಳತು

ಜಾಲತಾಣ ನಮಗೆ ಫೈಲು ಕಳಿಸುವಾಗ ಅದಕ್ಕೆ ಒಂದು ಬೀಗ ಹಾಕಿ ಕಳಿಸುತ್ತದೆ. ದಾರಿಯಲ್ಲಿ ಯಾರೂ ಕದ್ದು ಓದಬಾರದು ಅಂತ. ಬ್ರೌಸರಿನ ಹತ್ತಿರ ಅದರ ಕೀಲಿ ಇರಬೇಕು. ಕಳ್ಳರು ಜಾಣರಾದ ಹಾಗೆ ಬೀಗಗಳೂ ಬದಲಾಗುತ್ತವೆ. 2020ರಲ್ಲಿ ದೊಡ್ಡ ಬ್ರೌಸರುಗಳೆಲ್ಲ ಹಳೆ ಬೀಗಗಳನ್ನು ಬಿಟ್ಟವು. ಹಳೆ ಬ್ರೌಸರಿನಲ್ಲಿ ಹೊಸ ಬೀಗದ ಕೀಲಿ ಇಲ್ಲ. ಹಾಗಾಗಿ ಫೈಲು ಬರುವುದಿಲ್ಲ.

ಗುರುತಿನ ಪತ್ರಕ್ಕೆ ರುಜು ಹಾಕುವವರೂ ಬದಲಾಗುತ್ತಾರೆ. ಲಕ್ಷಾಂತರ ಜಾಲತಾಣಗಳು ನಂಬಿದ್ದ ಒಂದು ರುಜುವಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ಪಟ್ಟಿ ಹಾಕಿಸಿಕೊಳ್ಳದ ಹಳೆ ಕಂಪ್ಯೂಟರು, ಹಳೆ ಮೊಬೈಲುಗಳಲ್ಲಿ ಪ್ರಪಂಚದ ಎಲ್ಲ ಕಡೆ ತೊಂದರೆ ಆಯಿತು. ಆದ್ದರಿಂದ ಇದು ನಮ್ಮ ಹಳ್ಳಿಯ ಕಷ್ಟ ಮಾತ್ರ ಅಲ್ಲ.

ಬ್ರೌಸರನ್ನು ಹೊಸದು ಮಾಡಬಹುದಲ್ಲ? ಮಾಡಬಹುದು. ಆದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಹಳತಾದರೆ ಹೊಸ ಬ್ರೌಸರು ಅದರ ಮೇಲೆ ಕೂರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಗೆ 2014ರ ಏಪ್ರಿಲ್‌ನಲ್ಲಿ ಕಂಪೆನಿಯ ಆರೈಕೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ನಿಂತಿತು. 2023ರ ಆರಂಭದಿಂದ ವಿಂಡೋಸ್ 7ಕ್ಕೆ ಹೊಸ ಕ್ರೋಮ್ ಬರುವುದಿಲ್ಲ. ಕ್ರೋಮ್ 109 ಅದಕ್ಕೆ ಕೊನೆಯದು. ಫೈರ್‌ಫಾಕ್ಸ್‌ನಲ್ಲಿ 115 ಕೊನೆಯದು. ನೀಲಿ ಬಣ್ಣದ 'ಇ' ಅಕ್ಷರದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹಳೆ ಕಂಪ್ಯೂಟರಿನಲ್ಲಿ ಈಗಲೂ ಕಾಣುತ್ತದೆ. ಅದನ್ನು 2022ರ ಜೂನ್‌ನಲ್ಲಿ ಕಂಪೆನಿಯೇ ಕೈಬಿಟ್ಟಿತು. ಅದನ್ನು ಒತ್ತಬೇಡಿ.

ಹಾಗಾದರೆ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಾ? ಹಾಗೇನೂ ಇಲ್ಲ. ಲಿನಕ್ಸ್ ಎಂಬ ವ್ಯವಸ್ಥೆ ಉಂಟು. ಹೆಚ್ಚಾಗಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪಕ್ಕದ ಕಾಸರಗೋಡು ಸೇರಿದ ಹಾಗೆ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಎಷ್ಟೋ ಹಳೆ ಕಂಪ್ಯೂಟರಿನ ಮೇಲೆ ಅದು ನಡೆಯುತ್ತದೆ. ಹೊಸ ಬ್ರೌಸರೂ ಅದರಲ್ಲಿ ಸಿಗುತ್ತದೆ. ಹಾಕಿಸುವ ಮೊದಲು ಒಳಗಿನ ಫೈಲುಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಳ್ಳಬೇಕು.

ಐದು: ತಡೆ ಮತ್ತು ಕರೆಂಟು

ಕೆಲವು ಜಾಲತಾಣದಲ್ಲಿ ಪ್ರತಿ ಇನ್ನೊಂದು ಸಣ್ಣ ಕಿಟಕಿಯಲ್ಲಿ ತೆರೆಯುತ್ತದೆ. ಇದಕ್ಕೆ ಪಾಪ್‌ಅಪ್ ಅನ್ನುತ್ತಾರೆ. ಜಾಹೀರಾತಿನ ಕಾಟ ತಪ್ಪಿಸಲು ಬ್ರೌಸರು ಇಂಥ ಕಿಟಕಿಗಳನ್ನು ತಡೆಯುತ್ತದೆ. ಆಗ ಮೇಲಿನ ವಿಳಾಸದ ಪಟ್ಟಿಯ ಕೊನೆಯಲ್ಲಿ ಒಂದು ಸಣ್ಣ ಗುರುತು ಕಾಣುತ್ತದೆ. ಅದನ್ನು ಒತ್ತಿ ಆ ಒಂದು ಜಾಲತಾಣಕ್ಕೆ ಮಾತ್ರ ಒಪ್ಪಿಗೆ ಕೊಡಬೇಕು. ಎಲ್ಲದಕ್ಕೂ ಕೊಡಬಾರದು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಬರುತ್ತದೆ, ಹೋಗುತ್ತದೆ. ನಡುವೆ ನಿಂತರೆ ಅರ್ಧ ಫೈಲು ಮಾತ್ರ ಇಳಿದಿರುತ್ತದೆ. ಅರ್ಧ ಫೈಲು ತೆರೆಯುವುದಿಲ್ಲ. ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಇಳಿಸಬೇಕು. ಸಿಡಿಲು ಇರುವಾಗ ಕಂಪ್ಯೂಟರಿನ ಪ್ಲಗ್ಗನ್ನೇ ತೆಗೆದಿಡಬೇಕು.

ಮಾಡಬಾರದ ಕೆಲಸ

ಫೈಲು ಇಳಿಯದಿದ್ದಾಗ ಪರದೆಯ ಮೇಲೆ ದೊಡ್ಡ ಬಣ್ಣದ ಗುಂಡಿ ಕಾಣಬಹುದು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ. ಇಲ್ಲಿ ಒತ್ತಿ, ಸರಿ ಮಾಡುತ್ತೇವೆ" ಅಂತ ಬರೆದಿರುತ್ತದೆ. ಕೆಲವು ಸಲ ಫೋನ್ ನಂಬರೂ ಇರುತ್ತದೆ. ಒತ್ತಬೇಡಿ. ಫೋನ್ ಮಾಡಬೇಡಿ. ಇದು ಹಣ ದೋಚುವವರ ಬಲೆ. ತಾರೀಕು ತಪ್ಪಿದಾಗ, ಬ್ರೌಸರು ಹಳತಾದಾಗ ಬೇಸರದಲ್ಲಿ ಏನನ್ನಾದರೂ ಒತ್ತಿಬಿಡುತ್ತೇವೆ. ಅವರು ಕಾಯುವುದು ಅದನ್ನೇ.

ಮೊಬೈಲಿಗೆ ಬರುವ ಓಟಿಪಿ ಅಂಕಿಯನ್ನು ಗಟ್ಟಿಯಾಗಿ ಹೇಳಬೇಡಿ. ನಾವೇ ಒತ್ತೋಣ. ಮೋಸದಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದರೆ ಹಣ ತಡೆಹಿಡಿಯಲು ಅವಕಾಶ ಹೆಚ್ಚು.

ಹಲವರು ಬಳಸುವ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ನಮ್ಮ ಫೈಲು ಅಲ್ಲಿ ಬಿಡಬಾರದು. ಆಧಾರ್, ಪಹಣಿ, ಪಿ.ಎಫ್. ಲೆಕ್ಕ ಇವೆಲ್ಲ ನಮ್ಮ ಸೊತ್ತು. ಮುದ್ರಣ ಆದ ಮೇಲೆ, "ನನ್ನ ಫೈಲು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ" ಅಂತ ಹೇಳಬೇಕು. ಹಾಗೆ ಕೇಳುವುದರಲ್ಲಿ ನಾಚಿಕೆ ಏನುಂಟು? ನಾವು ದುಡ್ಡು ಕೊಟ್ಟಿದ್ದೇವೆ.

ಕೊನೆಯ ದಿನ ಬಂದರೆ?

ಕಂಪ್ಯೂಟರು ಸರಿ ಆಗುವವರೆಗೆ ಕಾಯಲು ಸಮಯ ಇಲ್ಲದಿದ್ದರೆ ಬೇರೆ ದಾರಿ ಹಿಡಿಯಬೇಕು. ಮಗನ ಅಥವಾ ಮಗಳ ಹೊಸ ಮೊಬೈಲಿನಲ್ಲಿ ಪ್ರಯತ್ನ ಮಾಡಬಹುದು. ಹಳೆ ಕಂಪ್ಯೂಟರಿನಲ್ಲಿ ಆಗದ್ದು ಎಷ್ಟೋ ಸಲ ಅದರಲ್ಲಿ ಆಗುತ್ತದೆ. ಡಿಜಿಲಾಕರ್ ಎಂಬ ಸರಕಾರಿ ಕಪಾಟು 2015ರಿಂದ ಉಂಟು. ಆಧಾರ್, ಮಕ್ಕಳ ಅಂಕಪಟ್ಟಿ ಅದರಲ್ಲಿ ಇಟ್ಟುಕೊಳ್ಳಬಹುದು. ಗ್ರಾಮ ಒನ್ ಕೇಂದ್ರಕ್ಕೂ ಹೋಗಬಹುದು. ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲೇ ಹೋದರೆ ಎಲ್ಲಕ್ಕಿಂತ ಒಳ್ಳೆಯದು.

"ಇದೆಲ್ಲ ಹುಡುಗರ ಕೆಲಸ, ನಮಗೆ ಆಗುದಿಲ್ಲ" ಅಂತ ಕೆಲವರು ಹೇಳುತ್ತಾರೆ. ಸರಿಯಾಗಿ ಯೋಚಿಸಿ. ತಾರೀಕು ಓದಲು ನಮಗೆ ಬರುತ್ತದೆ. ಅಂಕಿ ಓದಲು ಬರುತ್ತದೆ. ಚೀಟಿ ಬರೆಯಲು ಬರುತ್ತದೆ. ಕಾರಣ ಹುಡುಕಲು ಮೊದಲು ಬೇಕಾದದ್ದು ಇವೇ. ರಿಪೇರಿ ಮಾಡುವವರು ಬೇರೆ ಇರಲಿ. ಏನು ಹಾಳಾಗಿದೆ ಅಂತ ಹೇಳುವಷ್ಟು ನಮಗೆ ತಿಳಿದಿದ್ದರೆ ಯಾರೂ ನಮ್ಮನ್ನು ಸುಮ್ಮನೆ ತಿರುಗಿ ಕಳಿಸಲಾರರು.

ಸಂಘದಲ್ಲಿ ಮಾತಾಡೋಣ

1. ನಮ್ಮ ಊರಿನ ಪಂಚಾಯತು, ಗ್ರಂಥಾಲಯ ಅಥವಾ ಸಂಘದಲ್ಲಿ ಕಂಪ್ಯೂಟರು ಉಂಟಾ? ಅದರ ತಾರೀಕು ಸರಿ ಉಂಟಾ?

2. "ಡೌನ್‌ಲೋಡ್ ಆಗುದಿಲ್ಲ" ಅಂತ ಯಾರಾದರೂ ಹೇಳಿದರೆ ನಾವು ಯಾವ ಪ್ರಶ್ನೆ ಕೇಳಬೇಕು?

3. ನಮ್ಮ ಮನೆಯ ಯಾವ ಯಾವ ಕಾಗದಕ್ಕೆ ಇನ್ನೊಂದು ಪ್ರತಿ ಬೇಕು? ಪಟ್ಟಿ ಬರೆಯಿರಿ.