ವಾಲೇಸ್ ಎಳೆದ ಗೆರೆ

ನಿಸರ್ಗದ ಆಯ್ಕೆಯಿಂದ ಜೀವಿಗಳು ಮಾರ್ಪಡುತ್ತವೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಬೇರೆಬೇರೆಯಾಗಿ ಕಂಡುಕೊಂಡರು. 1858ರ ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಲಾಯಿತು. ಅದಾದ ಏಳು ವರ್ಷಕ್ಕೆ ವಾಲೇಸ್ ಪ್ರೇತಾವಾಹನೆಯ ಕೂಟಗಳಿಗೆ ಹೋಗತೊಡಗಿದರು. 1913ರಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಸಾವಿನಾಚೆಗೆ ಬದುಕಿದೆ ಎಂದೇ ನಂಬಿದ್ದರು.

ಒಬ್ಬರು ಎರಡನ್ನೂ ನಂಬಿದ ಮಾತ್ರಕ್ಕೆ ಎರಡೂ ಹೊಂದುತ್ತವೆ ಎನ್ನಲಾಗದು. ಹೊಂದಿಸಲು ವಾಲೇಸ್ ತೆತ್ತದ್ದೇನು ಎಂದು ನೋಡಬೇಕು. ಅಮೆಜಾನ್ ಕಾಡಿನಲ್ಲೂ ಮಲಯ ದ್ವೀಪಗಳಲ್ಲೂ ವರ್ಷಗಟ್ಟಲೆ ಅಲೆದಿದ್ದ ಅವರಿಗೆ, ಅಲ್ಲಿನ ಜನರ ಮೆದುಳು ಯುರೋಪಿನ ಪಂಡಿತರ ಮೆದುಳಿಗೆ ಅಷ್ಟೇನೂ ಕಡಿಮೆಯಲ್ಲ ಎಂಬುದು ಗೊತ್ತಿತ್ತು. ಆ ಕಾಲದ ಬಿಳಿಯನೊಬ್ಬ ಹೀಗೆ ಹೇಳಿದ್ದು ದೊಡ್ಡ ಮಾತು. ಆದರೆ ಅಲ್ಲಿಂದ ಅವರು ಹೊರಳಿದ್ದು ಬೇರೆ ದಾರಿಗೆ: ಬೇಟೆಯ ಬದುಕಿಗೆ ಗಣಿತ, ಸಂಗೀತ ಬೇಕಿಲ್ಲ; ಬೇಕಿಲ್ಲದ್ದನ್ನು ನಿಸರ್ಗ ಆಯ್ದುಕೊಳ್ಳದು; ಆದ್ದರಿಂದ ಮನುಷ್ಯನ ಮನಸ್ಸನ್ನು ರೂಪಿಸಿದ್ದು ಮೇಲಿನ ಯಾವುದೋ ಚೇತನ. 1869ರಲ್ಲಿ ಇದು ಅಚ್ಚಾದಾಗ ಡಾರ್ವಿನ್ ತಮ್ಮ ಪ್ರತಿಯ ಅಂಚಿನಲ್ಲಿ ‘ಇಲ್ಲ’ ಎಂದು ಬರೆದು ಆಶ್ಚರ್ಯಸೂಚಕಗಳನ್ನು ಸಾಲಾಗಿ ಹಾಕಿದರು.

ನಾನು ಡಾರ್ವಿನ್ ಪಕ್ಷ. ಕೊಂಬೆ ಹಿಡಿಯಲು ಒದಗಿದ ಬೆರಳೇ ಮುಂದೆ ವೀಣೆಯನ್ನೂ ನುಡಿಸುತ್ತದೆ. ಅದಕ್ಕೆ ಹೊಸ ಬೆರಳೇನೂ ಬೇಕಾಗಲಿಲ್ಲ.

1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಎಳೆದದ್ದೂ ಹೆಚ್ಚುಕಡಿಮೆ ವಾಲೇಸರ ಗೆರೆಯನ್ನೇ. ದೇಹ ಹಿಂದಿನ ಜೀವಿಗಳಿಂದ ಬಂದಿತೇ ಎಂದು ವಿದ್ವಾಂಸರು ಶೋಧಿಸಲಿ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದರು ಅವರು. ವಿಜ್ಞಾನ ಇದನ್ನು ಸುಳ್ಳೆಂದು ತೋರಿಸಲಾರದು. ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಯಾವ ತಾಯಿಯೂ ತನ್ನದಲ್ಲದ ಜಾತಿಯ ಮಗುವನ್ನು ಹೆತ್ತಿಲ್ಲ. ಹಾಗಿದ್ದಲ್ಲಿ ಆತ್ಮವಿಲ್ಲದ ತಾಯಿಗೆ ಆತ್ಮವಿರುವ ಮಗು ಹುಟ್ಟಿದ್ದು ಯಾವ ತಲೆಮಾರಿನಲ್ಲಿ? ನಿಯಾಂಡರ್ತಲ್ ಮಾನವರೂ ಸತ್ತವರನ್ನು ಹೂಳುತ್ತಿದ್ದರು. ಫ್ರಾನ್ಸಿನ ಲಾ ಶಾಪೆಲ್ ಗವಿಯಲ್ಲಿ 1908ರಲ್ಲಿ ಸಿಕ್ಕ ಹಲ್ಲುದುರಿದ ಮುದುಕನನ್ನು ಗುಂಡಿ ತೋಡಿ ಮಲಗಿಸಿದ್ದರು ಎಂದು ಅಗೆದವರ ಅಭಿಪ್ರಾಯ. ಆಫ್ರಿಕಾದ ಹೊರಗಿನ ನಮ್ಮೆಲ್ಲರ ವಂಶವಾಹಿಯಲ್ಲಿ ನಿಯಾಂಡರ್ತಲರ ಪಾಲು ಶೇಕಡಾ 1ರಿಂದ 2ರಷ್ಟಿದೆ. ನಮ್ಮ ಆ ಅಜ್ಜ ಅಜ್ಜಿಯರಿಗೆ ಪರಲೋಕವಿಲ್ಲ, ನಮಗೆ ಮಾತ್ರ ಇದೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜೈನರು ಈ ಗೆರೆಯನ್ನು ಮನುಷ್ಯನಿಗೂ ಉಳಿದ ಜೀವಿಗಳಿಗೂ ನಡುವೆ ಎಳೆಯಲೇ ಇಲ್ಲ. ಒಂದೇ ಇಂದ್ರಿಯದ ಗಿಡದಿಂದ ಐದು ಇಂದ್ರಿಯದ ಮನುಷ್ಯನವರೆಗೆ ಎಲ್ಲದರಲ್ಲೂ ಜೀವವಿದೆ, ಎಲ್ಲಕ್ಕೂ ಮರುಹುಟ್ಟಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನದಿಂದ, ಎಂದರೆ ಉಪವಾಸವಿದ್ದು, ದೇಹ ಬಿಟ್ಟವರ ಹೆಸರುಗಳನ್ನು ಕೊರೆಸಿದವರು ನಂಬಿದ್ದು ಇದನ್ನೇ. ಮನುಷ್ಯ ಉಳಿದ ಜೀವಿಗಳ ಬಂಧು ಎಂಬ ಮಾತು ಈ ನಂಬಿಕೆಗೆ ಪೆಟ್ಟು ಕೊಡದು. ಆದರೂ ಮೋಕ್ಷಕ್ಕೆ ಮನುಷ್ಯಜನ್ಮವೇ ಬೇಕು ಎಂದು ಅವರೂ ಹೇಳುತ್ತಾರೆ. ಆ ಮನುಷ್ಯಜನ್ಮ ಶುರುವಾಗುವುದು ಎಲ್ಲಿಂದ ಎಂಬ ಪ್ರಶ್ನೆಯನ್ನು ಅವರಿಗೂ ಕೇಳಬೇಕಾಗುತ್ತದೆ.