ಕಣ್ಣಿಗೆ ಕಾಣುವ ಉಸಿರು

ಅಮೆರಿಕದ ಸಿಯಾಟಲ್ ನಗರದಲ್ಲಿ, ಗುಡ್ಡದ ಮೇಲೆ ಹಾರ್ಬರ್‌ವ್ಯೂ ಆಸ್ಪತ್ರೆಯಿದೆ. ದೂರದ ಅಲಾಸ್ಕಾ, ಮೊಂಟಾನಾಗಳಲ್ಲಿ ಬೆಂಕಿಗೆ ಸಿಕ್ಕವರನ್ನೂ ಇಲ್ಲಿಗೆ ತರುತ್ತಾರೆ. ಬೆಂಕಿ ಮೈಗೆ ತಾಗಿದ್ದು ಒಂದೇ ಸಲ. ಅದರ ಸಂಕಟ ಮಾತ್ರ ದಿನವೂ ಮರಳುತ್ತದೆ. ನರ್ಸ್ ಬಂದು ಬ್ಯಾಂಡೇಜು ಬಿಚ್ಚುತ್ತಾರೆ. ಗಾಯಕ್ಕೆ ಅಂಟಿದ ಬಟ್ಟೆ ಎದ್ದು ಬರುವಾಗ ಜೀವವೇ ಹೋದಂತಾಗುತ್ತದೆ. ಸತ್ತ ಚರ್ಮ ತೆಗೆದು, ಗಾಯ ತೊಳೆದು, ಮತ್ತೆ ಕಟ್ಟು ಕಟ್ಟುವಷ್ಟರಲ್ಲಿ ರೋಗಿ ಹಣ್ಣಾಗಿರುತ್ತಾನೆ. ಸುಮ್ಮನೆ ಮಲಗಿದ್ದಾಗಿನ ನೋವನ್ನು ಮಾರ್ಫಿನ್ ಜಾತಿಯ ಮದ್ದು ತಡೆಯುತ್ತದೆ. ಈ ಹೊತ್ತಿನ ನೋವಿಗೆ ಅದರ ಬಲ ಸಾಲದು.

ಇದನ್ನು ದಿನವೂ ನೋಡುತ್ತಿದ್ದವರು ಅಲ್ಲಿನ ಮನಃಶಾಸ್ತ್ರಜ್ಞ ಡೇವಿಡ್ ಪ್ಯಾಟರ್ಸನ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಎಂಬ ಇನ್ನೊಬ್ಬ ಮನಃಶಾಸ್ತ್ರಜ್ಞರ ಜೊತೆ ಸೇರಿ 1996ರಲ್ಲಿ ಅವರೊಂದು ಹಾದಿ ಹುಡುಕಿದರು. ರೋಗಿಯ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಹೆಲ್ಮೆಟ್ ತೊಡಿಸಿ, ಆತ ಇನ್ನೊಂದು ಲೋಕದಲ್ಲಿ ಇರುವಾಗ ಗಾಯ ತೊಳೆಯುವುದು. ಆ ಲೋಕದ ಹೆಸರು ‘ಸ್ನೋವರ್ಲ್ಡ್’ ಆಯಿತು. ಎರಡೂ ಕಡೆ ಹಿಮಗೋಡೆ, ನಡುವೆ ಆಳದ ಕಣಿವೆ, ಕೆಳಗೆ ತಣ್ಣಗೆ ಹರಿಯುವ ನದಿ. ರೋಗಿ ಆ ಕಣಿವೆಯಲ್ಲಿ ತೇಲುತ್ತಾ ಸಾಗುತ್ತಾನೆ. ದಡದಲ್ಲಿ ಪೆಂಗ್ವಿನ್‌ಗಳು, ಹಿಮಮಾನವರು, ತುಪ್ಪಳದ ಮ್ಯಾಮತ್ ಆನೆಗಳು. ಅವುಗಳಿಗೆ ಗುರಿಯಿಟ್ಟು ಹಿಮದುಂಡೆ ಎಸೆಯುತ್ತಾನೆ. ತಾಗಿದ ಉಂಡೆ ಪುಡಿಪುಡಿಯಾಗುತ್ತದೆ. ಬೆಂಕಿಯಲ್ಲಿ ಬೆಂದವನಿಗೆ ಹಿಮವನ್ನೇ ಆರಿಸಿಕೊಟ್ಟದ್ದರಲ್ಲಿ ಒಂದು ಕರುಣೆಯಿತ್ತು. ಹೊರಗೆ, ಅದೇ ಕ್ಷಣದಲ್ಲಿ, ನರ್ಸ್ ಅವನ ತೊಡೆಯ ಬ್ಯಾಂಡೇಜು ಬಿಚ್ಚುತ್ತಿರುತ್ತಾರೆ.

ನೋವನ್ನು ನೋವೆಂದು ಅರಿಯಲು ಮನಸ್ಸು ಅದರ ಕಡೆ ತಿರುಗಬೇಕು. ಗಮನದ ದೊಡ್ಡ ಪಾಲನ್ನು ಹಿಮಕಣಿವೆ ಎಳೆದುಕೊಂಡಾಗ ಗಾಯದ ಪಾಲಿಗೆ ಉಳಿಯುವುದು ಸ್ವಲ್ಪ. 2004ರಲ್ಲಿ ಹಾಫ್‌ಮನ್ ತಂಡ ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ತಾಳಬಹುದಾದಷ್ಟು ಬಿಸಿ ತಾಗಿಸಿ, ಅವರು ಸ್ನೋವರ್ಲ್ಡಿನಲ್ಲಿದ್ದಾಗ ಮಿದುಳಿನ ಸ್ಕ್ಯಾನ್ ಮಾಡಿತು. ನೋವಿಗೆ ಸಂಬಂಧಪಟ್ಟ ಐದು ಭಾಗಗಳಲ್ಲಿ ಚಟುವಟಿಕೆ ಇಳಿದದ್ದು ಕಂಡಿತು. ‘ನೋವು ಕಡಿಮೆಯಾಯಿತು’ ಎಂಬ ರೋಗಿಯ ಮಾತಿಗೆ ಮಿದುಳೇ ಸಾಕ್ಷಿ ನುಡಿದಿತ್ತು.

ಆದರೆ ಸೊಂಟನೋವಿನವರ ಪಾಡು ಬೇರೆ. ಗಾಯ ತೊಳೆಯುವ ಗಳಿಗೆಗೆ ಒಂದು ಕೊನೆಯಿದೆ. ವರ್ಷಗಳಿಂದ ಸೊಂಟ ಹಿಡಿದು ಕೂತ ನೋವಿಗೆ ಇಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅದು ಎದ್ದಿರುತ್ತದೆ. ಮಗ್ಗುಲಾಗಿ, ಮೊಣಕೈ ಊರಿ, ಕಾಲು ಇಳಿಬಿಟ್ಟು, ಒಂದು ಗಳಿಗೆ ಕೂತು, ಆಮೇಲೆ ಏಳಬೇಕು. ಬಚ್ಚಲಲ್ಲಿ ಬಗ್ಗಿ ಮುಖ ತೊಳೆಯುವುದಕ್ಕೆ ಒಂದು ಲೆಕ್ಕ, ಚಪ್ಪಲಿಗೆ ಕಾಲು ತೂರಿಸುವುದಕ್ಕೆ ಇನ್ನೊಂದು ಲೆಕ್ಕ. ನೆಲಕ್ಕೆ ಬಿದ್ದ ಬೀಗದಕೈಯನ್ನು ಎತ್ತಿಕೊಡಲು ಯಾರಾದರೂ ಬರಲೆಂದು ಕಾಯಬೇಕು. ಇಡೀ ದಿನ ಹಿಮಕಣಿವೆಯಲ್ಲಿ ಕಳೆಯಲು ಯಾರಿಂದಲೂ ಆಗದು.

ಇಂಥವರ ಸಂಖ್ಯೆ ಸಣ್ಣದಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಅದು 84 ಕೋಟಿ ದಾಟೀತೆಂದು ಜಾಗತಿಕ ಅಂದಾಜು ಹೇಳುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಇಂಥದ್ದೇ ಕಾರಣವೆಂದು ಬೊಟ್ಟಿಟ್ಟು ತೋರಿಸುವ ರೋಗವೇನೂ ಸಿಗುವುದಿಲ್ಲ. ಎಂಆರ್‌ಐನಲ್ಲಿ ಡಿಸ್ಕ್ ಸವೆದದ್ದು ಕಂಡೀತು. ಆದರೆ ಬೆನ್ನುನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ಮೂರರಲ್ಲಿ ಒಂದು ಪಾಲು ಜನರಿಗೆ, ಎಂಬತ್ತು ವರ್ಷದವರಲ್ಲಿ ಬಹುತೇಕ ಎಲ್ಲರಿಗೂ ಆ ಸವೆತ ಇರುತ್ತದೆ. ವೈದ್ಯರು ಚಿತ್ರ ನೋಡಿ ‘ಅಂಥದ್ದೇನೂ ಇಲ್ಲವಲ್ಲ’ ಅನ್ನುತ್ತಾರೆ. ಮನೆಯವರ ಮುಖದಲ್ಲಿ ಅನುಮಾನ ಮೂಡುತ್ತದೆ. ನೋಯುವವರಿಗೆ ನೋವಿನ ಜೊತೆ ಅವಮಾನವೂ ಸೇರುತ್ತದೆ.

ನೋವು ಸುಳ್ಳಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದೆ, ಮೇಲಿನಿಂದ ಮಿದುಳು ಅದನ್ನು ತೆರೆಯಲೂಬಹುದು, ಓರೆ ಮಾಡಲೂಬಹುದು ಎಂಬ ಸಿದ್ಧಾಂತ ಮಂಡಿಸಿದರು. ಅದರ ವಿವರಗಳು ಆಮೇಲೆ ಬದಲಾದರೂ ಮೂಲದ ಮಾತು ನಿಂತಿತು: ನೋವು ಅನುಭವವಾಗುವುದರಲ್ಲಿ ಮಿದುಳಿಗೂ ಪಾತ್ರವಿದೆ. ತಿಂಗಳುಗಟ್ಟಲೆ ನೋವಿನ ಸುದ್ದಿ ಹರಿದರೆ ನರವ್ಯೂಹ ಸೂಕ್ಷ್ಮವಾಗುತ್ತದೆ. ಕಳ್ಳನಿಗೆ ಬೊಗಳಲೆಂದು ಸಾಕಿದ ನಾಯಿ ಮನೆಯವರ ಹೆಜ್ಜೆ ಸಪ್ಪಳಕ್ಕೂ ಬೊಗಳತೊಡಗಿದ ಹಾಗೆ, ಮೊದಲ ಪೆಟ್ಟು ಮಾಗಿದ ಮೇಲೂ ಅದು ಎಚ್ಚರಿಸುತ್ತಲೇ ಇರುತ್ತದೆ. ಹೆದರಿ ಮೈ ಬಿಗಿಯುತ್ತದೆ, ಬಿಗಿದದ್ದಕ್ಕೆ ನೋವು ಹೆಚ್ಚುತ್ತದೆ, ನೋವಿಗೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ಮೈ ಮರುದಿನ ಇನ್ನಷ್ಟು ನೋಯುತ್ತದೆ.

ಮೊದಲು ಈ ಹೆದರಿಕೆಯನ್ನು ಹಿಡಿಯಲು ಹೊರಟವರಲ್ಲಿ ಒಬ್ಬರು ಓಹಿಯೊ ವಿಶ್ವವಿದ್ಯಾಲಯದ ಜೇಮ್ಸ್ ಥಾಮಸ್. ಅವರ ಪ್ರಯೋಗಾಲಯದಲ್ಲಿ ಸೊಂಟನೋವಿನವರು ಚೆಂಡಾಟಕ್ಕೆ ನಿಲ್ಲುತ್ತಿದ್ದರು. ಎದುರಿಗೆ ಮೂರು ಆಯಾಮದ ಅಂಗಳ, ಅದರಲ್ಲಿ ನಾಲ್ಕು ಮಂದಿ ಎದುರಾಳಿಗಳು. ಅವರೆಸೆದ ಚೆಂಡು ಒಮ್ಮೆ ಎದೆಮಟ್ಟಕ್ಕೆ ಬರುತ್ತದೆ, ಒಮ್ಮೆ ಮೊಣಕಾಲಿಗೆ. ತಡೆಯಬೇಕೆಂದರೆ ಬಗ್ಗಲೇಬೇಕು. ಆಟ ಮುಂದುವರಿದಂತೆ ಚೆಂಡು ಇನ್ನೂ ಕೆಳಗೆ ಬರುತ್ತದೆ. ನೆಲದ ಬೀಗದಕೈಗೆ ಬಗ್ಗದಿದ್ದವರು ಇಲ್ಲಿ ಗೆಲ್ಲುವ ಹುರುಪಿನಲ್ಲಿ ಬಗ್ಗುತ್ತಾರೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 52 ಮಂದಿಯಿದ್ದರು. ಆಟದಿಂದ ಯಾರ ಬೆನ್ನಿಗೂ ಕೇಡಾಗಲಿಲ್ಲ. ಆದರೆ ಆಟದೊಳಗೆ ಬಗ್ಗಿದವರು ಆಟದ ಹೊರಗೆ ಮೊದಲಿಗಿಂತ ಹೆಚ್ಚು ಬಗ್ಗಲಿಲ್ಲ. ಮೂರು ದಿನದ ಆಟ ವರ್ಷಗಳ ಹೆದರಿಕೆಯನ್ನು ಅಳಿಸಲಾರದು. ಒಳಗೆ ಕಲಿತದ್ದು ಹೊರಗೂ ಬರಬೇಕಾದರೆ ದಿನದಿನವೂ, ಆ ನೋವು ವಾಸಿಸುವ ಮನೆಯಲ್ಲೇ ಕಲಿಸಬೇಕು.

ಆ ಮನೆಗೆ ಬಾಗಿಲು ತೆರೆದದ್ದು 2020. ಕೋವಿಡ್ ಕಾಲ, ಕ್ಲಿನಿಕ್‌ಗಳ ಬಾಗಿಲು ಮುಚ್ಚಿತ್ತು, ಫಿಸಿಯೋಥೆರಪಿಗೂ ಹೋಗುವಂತಿರಲಿಲ್ಲ. ಲಾಸ್ ಏಂಜಲೀಸ್‌ನ ಅಪ್ಲೈಡ್‌ವಿಆರ್ ಎಂಬ ಕಂಪನಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೋವು ತಜ್ಞೆ ಬೆತ್ ಡಾರ್ನಲ್ ಮೊದಲಾದವರೊಂದಿಗೆ ಸೇರಿ, ಸೊಂಟನೋವಿನ 179 ಮಂದಿಯ ಮನೆಗೆ ಒಂದೊಂದು ಹೆಡ್‌ಸೆಟ್ ಕಳಿಸಿತು. ಮೂರರಲ್ಲಿ ಎರಡು ಪಾಲು ಜನರ ನೋವಿಗೆ ಐದು ವರ್ಷ ದಾಟಿತ್ತು. ಅರ್ಧದಷ್ಟು ಜನರಿಗೆ ಚಿಕಿತ್ಸೆಯ ಹೆಡ್‌ಸೆಟ್ ಬಂತು. ಉಳಿದವರಿಗೆ ಅದೇ ಹೆಡ್‌ಸೆಟ್; ಒಳಗೆ ಮಾತ್ರ ಹುಲ್ಲುಗಾವಲಿನ ಪ್ರಾಣಿಗಳಂಥ ಚಪ್ಪಟೆ ದೃಶ್ಯ, ಸಪ್ಪೆ ಸಂಗೀತ. ತಮಗೆ ಬಂದದ್ದು ಯಾವುದೆಂದು ಯಾರಿಗೂ ತಿಳಿಸಿರಲಿಲ್ಲ.

ಚಿಕಿತ್ಸೆ 56 ದಿನದ್ದು, ದಿನಕ್ಕೊಂದು ಪಾಠ. ಎರಡು ನಿಮಿಷದಿಂದ ಹದಿನಾರು ನಿಮಿಷ. ಅಂಥ ಒಂದು ಮನೆಯ ಒಳಗೆ ಹೋಗೋಣ. ಕುರ್ಚಿಯ ಬೆನ್ನಿಗೆ ದಿಂಬು ಕೊಟ್ಟು ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದಾರೆ. ಹೆಡ್‌ಸೆಟ್ ತೊಟ್ಟು ಪಟ್ಟಿ ಬಿಗಿಯುತ್ತಾರೆ. ಕೋಣೆ ಮರೆಯಾಗುತ್ತದೆ. ಒಂದು ದನಿ ಮೃದುವಾಗಿ ಮಾತಾಡಿಸುತ್ತದೆ. ಮೊದಮೊದಲ ಪಾಠಗಳಲ್ಲಿ ನೋವಿನ ಕಥೆ: ನರ ಸುದ್ದಿ ಒಯ್ಯುವುದು ಹೇಗೆ, ಮಿದುಳು ಅದನ್ನು ಓದುವುದು ಹೇಗೆ, ಚಿಂತೆ ಅದಕ್ಕೆ ದನಿ ಕೊಡುವುದು ಹೇಗೆ. ಕಣ್ಣೆದುರೇ ಅದೆಲ್ಲ ಬೆಳಗುತ್ತಾ ಸಾಗುವಾಗ, ತನ್ನ ಮೈಯೊಳಗೆ ಏನಾಗುತ್ತಿದೆ ಎಂದು ಬಹುಶಃ ಮೊದಲ ಬಾರಿಗೆ ಯಾರೋ ಅವರನ್ನು ಕೂರಿಸಿ ಹೇಳಿದಂತೆ.

ಮುಂದೆ ಉಸಿರಿನ ಪಾಠ. ಹೆಡ್‌ಸೆಟ್ಟಿಗೆ ಸಿಕ್ಕಿಸಿದ ಪುಟ್ಟ ಸಾಧನವೊಂದು ಬಿಟ್ಟ ಉಸಿರನ್ನು ಮೈಕಿನತ್ತ ತಿರುಗಿಸುತ್ತದೆ. ಎಂದೂ ಕಾಣದ ಉಸಿರು ಇಲ್ಲಿ ಕಣ್ಣಿಗೆ ಕಾಣುತ್ತದೆ. ಹೊರಬಿಟ್ಟ ಉಸಿರು ಬೆಳಕಿನ ಕಣಗಳಾಗಿ ಹರಡುತ್ತದೆ. ಎದುರಿಗಿನ ಬೋಳು ಮರಕ್ಕೆ ಬಣ್ಣ ಬರುತ್ತದೆ. ಅವಸರದ ಉಸಿರಿಗೆ ಅದು ಒಲಿಯದು. ಹೊಟ್ಟೆ ತುಂಬಿ ಎಳೆದುಕೊಂಡು, ನಿಧಾನವಾಗಿ, ಪೂರ್ತಿಯಾಗಿ ಬಿಡಬೇಕು. ಹಾಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಹೆಗಲು ಜಾರುತ್ತದೆ, ಗಂಟೆಗಟ್ಟಲೆ ಬಿಗಿದುಕೊಂಡಿದ್ದ ಸೊಂಟದ ಸ್ನಾಯು ಸಡಿಲುತ್ತದೆ. ನನ್ನ ಮೈ ನನ್ನ ಮಾತು ಕೇಳಿತು ಎಂಬುದಕ್ಕೆ ಕಣ್ಣೆದುರು ಪುರಾವೆಯಿದೆ. ವರ್ಷಗಳಿಂದ ತನ್ನದೇ ಮೈ ತನಗೆ ತಿರುಗಿಬಿದ್ದಿದೆ ಎಂದುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಕೆಲವು ಪಾಠಗಳಲ್ಲಿ ಗಜಿಬಿಜಿಯ ದೃಶ್ಯವೊಂದು ನಿಧಾನವಾಗಿ ತಿಳಿಯಾಗುತ್ತದೆ, ಅದರ ಜೊತೆಗೇ ನೋಡುವವರ ಮೈಯೂ ತಿಳಿಯಾಗಲು ಕಲಿಯುತ್ತದೆ. ಕೆಲವು ದಿನ ಸುತ್ತಲೂ ಹರಡಿದ ಪ್ರಕೃತಿ. ತಲೆ ತಿರುಗಿಸಿದತ್ತ ಕಾಣುತ್ತದೆ. ಕೆಲವು ದಿನ ಆಟ. ಅದು ಗಮನವನ್ನು ನೋವಿನಿಂದ ಕಿತ್ತು ಬೇಕಾದಲ್ಲಿ ನೆಡುವ ಅಭ್ಯಾಸ.

ಸಿಯಾಟಲ್‌ನ ಹಿಮಕಣಿವೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಅಲ್ಲಿ ರೋಗಿಯನ್ನು ಅವನ ಮೈಯಿಂದ ದೂರ ಒಯ್ಯಬೇಕಿತ್ತು, ಗಾಯ ತೊಳೆಯುವ ಆ ಹೊತ್ತಿಗೆ ಅದೇ ಸರಿಯಾದ ಉಪಕಾರ. ಇಲ್ಲಿ ಮೈಗೆ ಹೆದರಿ ಮೈಯಿಂದ ದೂರ ಓಡಿದವರನ್ನು ಮತ್ತೆ ಅದರ ಹತ್ತಿರ ಕರೆತರಬೇಕು. ಅದಕ್ಕೆಂದೇ ಈ ಲೋಕದ ನಡುವೆ ಅವರ ಸ್ವಂತ ಉಸಿರನ್ನು ಇಟ್ಟಿದ್ದಾರೆ. ಹೆಡ್‌ಸೆಟ್ ತೆಗೆದಿಟ್ಟ ಮೇಲೂ ಜೊತೆಯಲ್ಲಿ ಉಳಿಯುವುದು ಅದೊಂದೇ. ಬಸ್ಸಿನ ಸರದಿಯಲ್ಲಿ ನಿಂತಾಗ, ರಾತ್ರಿ ಮಗ್ಗುಲು ಬದಲಿಸುವಾಗ ನೋವು ತಲೆಯೆತ್ತಿದರೆ ನೆರವಿಗೆ ಬರಬೇಕಾದ್ದೂ ಅದೇ.

ಎಂಟು ವಾರದ ಕೊನೆಗೆ ಲೆಕ್ಕ ಸಿಕ್ಕಿತು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 66 ಮಂದಿಗೆ ನೋವು ಶೇ 30ಕ್ಕಿಂತ ಹೆಚ್ಚು ಇಳಿದಿತ್ತು. ಚಪ್ಪಟೆ ದೃಶ್ಯ ನೋಡಿದವರಲ್ಲಿ ಇದು 41. ನೋವು ಅರ್ಧಕ್ಕಿಂತ ಹೆಚ್ಚು ಇಳಿದವರು ನೂರಕ್ಕೆ ಕ್ರಮವಾಗಿ 46 ಮತ್ತು 26. ಕೆಲಸಕ್ಕೆ, ಮನಸ್ಸಿನ ನೆಮ್ಮದಿಗೆ ನೋವು ಒಡ್ಡುತ್ತಿದ್ದ ಅಡ್ಡಿಯೂ ಕಡಿಮೆಯಾಗಿತ್ತು. 2021ರ ನವೆಂಬರ್ 16ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಇದಕ್ಕೆ ಅನುಮತಿ ನೀಡಿತು. ವೈದ್ಯರ ಚೀಟಿಯ ಮೇಲೆ, ವಯಸ್ಕರಿಗೆ, ಬೇರೆ ಚಿಕಿತ್ಸೆಯ ಜೊತೆಗೆ ಬಳಸುವ ಸಾಧನವಾಗಿ ಅದು ಹೊರಬಂತು. ಆಗ ಅದರ ಹೆಸರು ಈಸ್‌ವಿಆರ್‌ಎಕ್ಸ್. ಆಮೇಲೆ ರಿಲೀವ್‌ಆರ್‌ಎಕ್ಸ್ ಆಯಿತು.

ಈ ಅಂಕಿಗಳನ್ನು ಪೂರ್ತಿಯಾಗಿ ಓದಬೇಕು. ಬರೀ ಚಪ್ಪಟೆ ದೃಶ್ಯ ನೋಡಿದವರಲ್ಲೂ ನೂರಕ್ಕೆ 41 ಮಂದಿಗೆ ಹಗುರಾಯಿತೆಂದರೆ, ದಿನವೂ ಕೆಲವು ನಿಮಿಷ ತನಗಾಗಿ ಕೂರುವುದಕ್ಕೂ, ನಂಬಿಕೆಗೂ ತಮ್ಮದೇ ಬಲವಿದೆ. ಚಿಕಿತ್ಸೆ ಪಡೆದ ಮೂವರಲ್ಲಿ ಒಬ್ಬರಿಗೆ ಆ ಮಟ್ಟದ ಇಳಿಕೆ ಸಿಗಲಿಲ್ಲ. ಐವರಲ್ಲಿ ಒಬ್ಬರಿಗೆ ಹೆಡ್‌ಸೆಟ್ ಹಿಂಸೆಯಾಯಿತು. ಹತ್ತರಲ್ಲಿ ಒಬ್ಬರಿಗೆ ತಲೆಸುತ್ತಿ ವಾಕರಿಕೆ ಬಂತು. ಅಫೀಮು ಮೂಲದ ನೋವಿನ ಮಾತ್ರೆಗಳು ಅಮೆರಿಕದಲ್ಲಿ ಲಕ್ಷಾಂತರ ಮನೆ ಹಾಳುಮಾಡಿವೆ. ಅವುಗಳ ಬಳಕೆ ತಗ್ಗೀತೆಂಬ ಆಸೆಗೆ ಈ ಪ್ರಯೋಗ ಗಟ್ಟಿ ಆಧಾರ ಕೊಡಲಿಲ್ಲ. ಪಾಲ್ಗೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಿಳಿಯರು, ಕಾಲೇಜು ಮೆಟ್ಟಿಲು ಹತ್ತಿದವರು. ಆಮೇಲೆ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಇನ್ನೊಂದು ಪ್ರಯೋಗ ನಡೆಯಿತಾದರೂ, ಇಟ್ಟಿಗೆ ಹೊರುವವರ, ದಿನವಿಡೀ ಬಗ್ಗಿ ನಾಟಿ ಮಾಡುವವರ ಸೊಂಟಕ್ಕೆ ಇದು ಹೇಗೆ ಒದಗುತ್ತದೆ ಎಂಬುದನ್ನು ಅವರ ನಡುವೆಯೇ ನೋಡಬೇಕು.

ಅವರು ಅಲ್ಲಿಯವರೆಗೂ ಕಾಯುತ್ತಾ ಕೂರಬೇಕಾಗಿಲ್ಲ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿ ನೋವಿನ ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಬಲ ಕೊಡುವ ಚಿಕಿತ್ಸೆ, ಇವುಗಳಿಗೆ ಒತ್ತು ಕೊಡುತ್ತದೆ. ನಮ್ಮಲ್ಲಿ ಸೊಂಟನೋವೆಂದರೆ ಮೊದಲು ನೆನಪಾಗುವ ಬೆಲ್ಟ್, ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಕೊಡಬೇಡಿ ಅನ್ನುತ್ತದೆ. ಆ 56 ಪಾಠಗಳ ತಿರುಳೂ ಇದರಿಂದ ದೂರದ್ದಲ್ಲ. ನಿಮ್ಮ ನೋವು ನಿಜ. ನಿಮ್ಮ ಬೆನ್ನು ನೀವಂದುಕೊಂಡಷ್ಟು ನಾಜೂಕಲ್ಲ. ನರವ್ಯೂಹ ಕಲಿತದ್ದನ್ನು ಬೇರೆಯಾಗಿ ಕಲಿಯಬಲ್ಲದು. ಅದಕ್ಕೆ ದಿನವೂ ಒಂದಿಷ್ಟು ಅಭ್ಯಾಸ ಬೇಕು. ಇಷ್ಟನ್ನು ಹೇಳಲು ಯಂತ್ರ ಬೇಕಿಲ್ಲ. ಹತ್ತು ನಿಮಿಷ ಕೂತು ರೋಗಿಯ ಮಾತು ಕೇಳಿ, ಬಿಡಿಸಿ ಹೇಳುವ ವೈದ್ಯರು ಬೇಕು, ಫಿಸಿಯೋಥೆರಪಿಸ್ಟ್ ಬೇಕು. ಅವರು ಸಿಗದ ಕಡೆ, ಸಿಕ್ಕರೂ ಅವರಿಗೆ ಪುರಸತ್ತಿಲ್ಲದ ಕಡೆ, ಹೆಡ್‌ಸೆಟ್ ಒಳ್ಳೆಯ ಮೇಷ್ಟ್ರಾಗಬಲ್ಲದು ಎಂಬುದನ್ನು ಈ ಪ್ರಯೋಗಗಳು ತೋರಿಸಿವೆ. ಬೆಲೆ ಇಳಿದು ಅದು ಜಿಲ್ಲಾ ಆಸ್ಪತ್ರೆಗೂ ಬರಲಿ, ಕನ್ನಡದಲ್ಲೂ ಮಾತಾಡಲಿ. ಅದು ಬರುವ ಮೊದಲೇ, ಸೊಂಟ ಹಿಡಿದು ಒಳಬಂದವರ ಮಾತನ್ನು ನಂಬುವ ಕೆಲಸ ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಇವತ್ತಿನಿಂದಲೇ ಶುರುವಾಗಲಿ.